ಇವತ್ತು ಯಾವ ದಿನ ಅಂತ ತೀರ್ಮಾನ ಮಾಡೋರು ಯಾರು ಸ್ವಾಮಿ?

ಪೋಸ್ಟರ್‌ಪರದಾಟ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ನೀರಿನ ಟ್ಯಾಂಕು ಮಾರುವ ಒಂದು ಸಣ್ಣ ಕಂಪನಿಯಲ್ಲಿ ಡಿಸೈನರ್. ಡಿಸೈನರ್ ಅಂದರೆ ದೊಡ್ಡದೇನಲ್ಲ. ಬ್ಯಾನರ್, ಬಿಲ್ ಬುಕ್ಕು, ದೀಪಾವಳಿಗೆ ಒಂದು ಶುಭಾಶಯ, ಅಷ್ಟೇ ಇತ್ತು ಕೆಲಸ. ಆರು ತಿಂಗಳ ಹಿಂದೆ ನಮ್ಮ ಬಾಸ್‌ಗೆ ಯಾರೋ ತಲೆಗೆ ತುಂಬಿದರು, ದಿನಾ ಒಂದು ಪೋಸ್ಟರ್ ಹಾಕಿದರೆ ಜನ ಕಂಪನಿ ಹೆಸರು ಮರೆಯೋದಿಲ್ಲ ಅಂತ. ಅವತ್ತಿಂದ ಬೆಳಿಗ್ಗೆ ಎದ್ದ ತಕ್ಷಣ ನನಗೆ ಬರುವ ಮೊದಲ ಮೆಸೇಜು ಒಂದೇ: "ಇವತ್ತು ಯಾವ ದಿನ?" ನಾನು ಮಂಗಳವಾರ ಅಂತ ಬರೆಯುವ ಹಾಗಿಲ್ಲ.

ಶಿಕ್ಷಕರ ದಿನ, ವೈದ್ಯರ ದಿನ ಎಲ್ಲ ಸರಿ. ಮಾರ್ಚ್ 22 ವಿಶ್ವ ಜಲ ದಿನ, ಅದಂತೂ ನಮ್ಮ ಮನೆ ಹಬ್ಬ ಇದ್ದ ಹಾಗೆ. ಅದಕ್ಕೆ ಎರಡು ದಿನ ಮುಂಚೆ ಮಾರ್ಚ್ 20 ಗುಬ್ಬಚ್ಚಿ ದಿನ. ಟ್ಯಾಂಕಿನ ಮೇಲೆ ಒಂದು ಗುಬ್ಬಿ ಕೂರಿಸಿದೆ. ಜಲ ದಿನಕ್ಕೆ ಗುಬ್ಬಿ ಅಳಿಸಿ ಅದನ್ನೇ ಕಳಿಸಿದೆ. ಯಾರಿಗೂ ಗೊತ್ತಾಗಲಿಲ್ಲ.

ಆಮೇಲೆ ಬಂತು ನೋಡಿ ಮೇ 2, ವಿಶ್ವ ಟ್ಯೂನಾ ದಿನ. ಅದೊಂದು ಮೀನು. ನಮ್ಮ ಬಾಸ್ ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಮನುಷ್ಯ. ಪೋಸ್ಟರ್ ನೋಡಿ ಸ್ವಲ್ಪ ಹೊತ್ತು ಸುಮ್ನೆ ಇದ್ದು, "ಮೀನು ತೆಗೆದುಬಿಡು, ನೀರು ಹಾಗೇ ಇರಲಿ" ಅಂದರು. ಹಾಗಾಗಿ ಮೀನಿಲ್ಲದ ಮೀನಿನ ದಿನ ಆಚರಿಸಿದ ಪ್ರಪಂಚದ ಮೊದಲ ಟ್ಯಾಂಕು ಕಂಪನಿ ನಮ್ಮದೇ ಇರಬೇಕು. ಫೆಬ್ರವರಿ 10 ಇನ್ನೂ ಚೆನ್ನಾಗಿತ್ತು. ಅವತ್ತು ವಿಶ್ವ ಬೇಳೆಕಾಳು ದಿನ. ಅವತ್ತೇ ನಮ್ಮ ದೇಶದಲ್ಲಿ ಜಂತುಹುಳು ನಿವಾರಣಾ ದಿನ. "ಎರಡನ್ನೂ ಒಂದರಲ್ಲೇ ಮುಗಿಸು" ಅಂದರು. ತೊಗರಿಬೇಳೆ ರಾಶಿ ಪಕ್ಕದಲ್ಲಿ ಹುಳದ ಚಿತ್ರ. ನೋಡಿದವರು ಯಾರೂ ಅವತ್ತು ಸಾರು ಉಂಡಿರಲಿಕ್ಕಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಇದನ್ನೆಲ್ಲ ಯಾರು ಕೂತು ತೀರ್ಮಾನ ಮಾಡುತ್ತಾರೆ? ಎಲ್ಲೋ ಒಂದು ಆಫೀಸು, ಒಂದು ರಿಜಿಸ್ಟರು ಇರಬೇಕಲ್ವಾ? ಇದ್ದರೆ ವಿಳಾಸ ಕೊಡಿ, ನಾನೂ ಒಂದು ಅರ್ಜಿ ಹಾಕಬೇಕು. "ಪೋಸ್ಟರ್ ಹಾಕದೇ ಇರೋ ದಿನ" ಅಂತ.

ತೊಗರಿನಾಡು ಬರೆದದ್ದು:

ಒಂದೇ ಆಫೀಸು ಅಂತ ಇಲ್ಲ ಸರ್, ಅದೇ ತಮಾಷೆ. ಆದರೆ ನೀವು ಹೇಳಿದ ಟ್ಯೂನಾ, ಬೇಳೆಕಾಳು ಎರಡೂ ವಿಶ್ವಸಂಸ್ಥೆಯವು, ಅಲ್ಲಿ ಒಂದು ಕ್ರಮ ಇದೆ. ಯಾವುದಾದರೂ ದೇಶ ಸಾಮಾನ್ಯ ಸಭೆಯಲ್ಲಿ ನಿರ್ಣಯ ತರಬೇಕು, ಜೊತೆಗೆ ಒಂದಷ್ಟು ದೇಶ ಕೈ ಸೇರಿಸಬೇಕು. ಯಾರು ಬೇಡ ಅನ್ನುತ್ತಾರೆ? ಬೇಳೆ ವಿರುದ್ಧ ಮತ ಹಾಕಿ ಊರಿಗೆ ಹೋಗೋಕೆ ಆಗುತ್ತಾ?

ಟ್ಯೂನಾ ಬಗ್ಗೆ ನಗೋದು ಸುಲಭ. ಆದರೆ ಪೆಸಿಫಿಕ್ ಸಾಗರದ ಕಿರಿಬಾಟಿ, ಟುವಾಲು ಅಂಥ ಪುಟ್ಟ ದ್ವೀಪ ದೇಶಗಳಿಗೆ ಆ ಮೀನೇ ಖಜಾನೆ. ಹೊರಗಿನ ಹಡಗುಗಳು ತಮ್ಮ ಸಮುದ್ರದಲ್ಲಿ ಟ್ಯೂನಾ ಹಿಡಿಯೋಕೆ ಕೊಡುವ ಲೈಸೆನ್ಸ್ ದುಡ್ಡಿನಲ್ಲೇ ಅವರ ಸರ್ಕಾರ ನಡೆಯೋದು. ಅವರು ಪಟ್ಟು ಹಿಡಿದರು, 2016ರಲ್ಲಿ ದಿನ ಸಿಕ್ಕಿತು. ಆಲೂಗಡ್ಡೆ ದಿನಕ್ಕೆ ಪೆರು ಪಟ್ಟು ಹಿಡಿಯಿತು, ಆಲೂಗಡ್ಡೆ ಹುಟ್ಟೂರೇ ಆ ಕಡೆಯ ಬೆಟ್ಟಗಳು. 2024ರಿಂದ ಮೇ 30 ಆಲೂಗಡ್ಡೆದು. ನೀವು ಅದನ್ನು ತಪ್ಪಿಸಿಕೊಂಡಿರಾ? ಬಾಸ್‌ಗೆ ಹೇಳಬೇಡಿ.

ಬೇಳೆಕಾಳು ದಿನವನ್ನಂತೂ ನಾನು ಬಿಟ್ಟುಕೊಡೋದಿಲ್ಲ. ನಾನು ಕಲಬುರಗಿಯವನು. ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಅನ್ನುವ ಸರ್ಕಾರಿ ಗುರುತು, ಬಂದಿದೆ. ಪ್ರಪಂಚದಲ್ಲಿ ಬೇಳೆಕಾಳು ಅತಿ ಜಾಸ್ತಿ ಬೆಳೆಯೋದೂ ನಾವೇ, ತಿನ್ನೋದೂ ನಾವೇ, ಸಾಲದೆ ಹೊರಗಿಂದ ತರಿಸೋದೂ ನಾವೇ. ಅಂಥದ್ದರ ಪಕ್ಕ ಹುಳದ ಚಿತ್ರ ಹಾಕಿದ್ದೀರಿ. ನಿಮ್ಮ ಮೇಲೆ ಸಿಟ್ಟಿಲ್ಲ, ನಿಮ್ಮ ಬಾಸ್ ಮೇಲಿದೆ.

ಮೇಷ್ಟ್ರು_ನಿವೃತ್ತ ಬರೆದದ್ದು:

ತಮ್ಮಾ, ನೀನು ಆರು ತಿಂಗಳಿಗೇ ಸುಸ್ತಾದೆ. ನಾನು ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷಕ್ಕಿಂತ ಜಾಸ್ತಿ ಇದನ್ನೇ ಮಾಡಿದೆ. ಮೇಲಿನಿಂದ ಸುತ್ತೋಲೆ ಬರುತ್ತಿತ್ತು: ಇಂಥ ದಿನ ಆಚರಿಸಿ, ಫೋಟೋ ಕಳಿಸಿ. ಮೊದಮೊದಲು ನಿಜವಾಗಿ ಆಚರಿಸಿದೆವು. ಆಮೇಲಾಮೇಲೆ ಫೋಟೋ ಮಾತ್ರ ಆಚರಿಸಿದೆವು. ಅವೇ ಮಕ್ಕಳು, ಅದೇ ಬೇವಿನ ಮರ, ಹಿಂದಿನ ಬ್ಯಾನರ್ ಮಾತ್ರ ಬೇರೆ. ಒಂದು ಸಲ ಬ್ಯಾನರ್ ಬರೆಸೋಕೆ ಪುರುಸೊತ್ತಾಗದೆ ಕರಿಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೆದು ಫೋಟೋ ತೆಗೆದೆ. ಕಳಿಸಿದ ಮೇಲೆ ನೋಡಿದರೆ ಹಿಂದಿನ ವಾರದ್ದು ಅರ್ಧ ಒರೆಸಿತ್ತು, ಅರ್ಧ ಉಳಿದಿತ್ತು. ಇಂಧನ ಉಳಿತಾಯ ದಿನವೂ ಗ್ರಾಹಕರ ದಿನವೂ ಸೇರಿ "ಗ್ರಾಹಕರ ಉಳಿತಾಯ ದಿನ" ಆಗಿತ್ತು. ಯಾರೂ ಏನೂ ಕೇಳಲಿಲ್ಲ.

ಒಂದೇ ತಾರೀಕಿಗೆ ಎರಡು ದಿನ ಬಂದರೆ ನಮಗೆ ಖುಷಿಯೋ ಖುಷಿ. ನವೆಂಬರ್ 26 ಸಂವಿಧಾನ ದಿನ. ಕ್ಷೀರಕ್ರಾಂತಿಯ ಕುರಿಯನ್ ಹುಟ್ಟಿದ ದಿನ ಅಂತ ಅವತ್ತೇ ಹಾಲಿನ ದಿನವೂ ಹೌದು. ಮಕ್ಕಳು ಸಂವಿಧಾನದ ಪೀಠಿಕೆ ಓದುತ್ತಿದ್ದರು, ಹೇಗೂ ಕ್ಷೀರಭಾಗ್ಯದ ಹಾಲು ಇತ್ತು, ಕುಡಿಯುತ್ತಿದ್ದರು. ಎರಡೂ ಆಯಿತು.

ಜನವರಿ 25 ಗೊತ್ತಾ? ಚುನಾವಣಾ ಆಯೋಗ ಶುರುವಾದದ್ದು 1950ರ ಜನವರಿ 25ಕ್ಕೆ, ಅದಕ್ಕೇ 2011ರಿಂದ ಅದು ಮತದಾರರ ದಿನ. ಅವತ್ತೇ ರಾಷ್ಟ್ರೀಯ ಪ್ರವಾಸೋದ್ಯಮ ದಿನ ಕೂಡ! ಇದನ್ನು ಜೋಡಿಸಿದವರು ಮತದಾನದ ದಿನ ರಜೆ ಹಾಕಿ ಚಿಕ್ಕಮಗಳೂರಿಗೆ ಹೊರಡುವ ಬೆಂಗಳೂರಿನವರನ್ನು ಒಮ್ಮೆಯಾದರೂ ನೋಡಿರಬೇಕು.

ಆದರೂ ಒಂದು ಮಾತು. ಆ ಜಂತುಹುಳು ದಿನವನ್ನು ಮಾತ್ರ ಗೇಲಿ ಮಾಡಬೇಡ. ಆಲ್ಬೆಂಡಜೋಲ್ ಮಾತ್ರೆ ಕೊಟ್ಟು, ಎದುರಿಗೇ ನಿಂತು ಅಗಿಸಿ ನುಂಗಿಸುತ್ತಿದ್ದೆವು. ಇಡೀ ವರ್ಷದಲ್ಲಿ ಆಚರಿಸಿದ್ದಕ್ಕೂ ಮಕ್ಕಳ ಹೊಟ್ಟೆಗೂ ನೇರ ಸಂಬಂಧ ಇದ್ದ ದಿನ ಅದೊಂದೇ.

ಓಹಾಯೋ_ಸೊಸೆ ಬರೆದದ್ದು:

ಅಯ್ಯೋ ನೀವೆಲ್ಲ ಅಮೆರಿಕಕ್ಕೆ ಬಂದು ನೋಡಿ. ಇಲ್ಲಿ ಪ್ರತಿ ದಿನಕ್ಕೂ ನಾಲ್ಕೈದು ದಿನ. ನಾನು ಬಂದ ಹೊಸದರಲ್ಲಿ ಆಫೀಸಿನಲ್ಲಿ ಯಾರೋ ಡೋನಟ್ ತಂದು ಇಟ್ಟಿದ್ದರು. ಯಾರದ್ದಾದರೂ ಹುಟ್ಟುಹಬ್ಬವಾ ಅಂತ ಕೇಳಿದೆ. ಇಲ್ಲ, ರಾಷ್ಟ್ರೀಯ ಡೋನಟ್ ದಿನ ಅಂದರು. ನನಗೆ ಆ "ರಾಷ್ಟ್ರೀಯ" ಅನ್ನುವ ಪದ ಕೇಳಿದರೆ ಈಗಲೂ ಎದ್ದು ನಿಲ್ಲಬೇಕು ಅನಿಸುತ್ತೆ, ಶಾಲೆಯಲ್ಲಿ ಹಾಗೆ ಕಲಿಸಿದ್ದಾರಲ್ಲ. ಡೋನಟ್‌ಗೆ ಎದ್ದು ನಿಂತೆ ಅಂತಲೇ ಇಟ್ಟುಕೊಳ್ಳಿ. ಆದರೆ ಆ ದಿನದ ಹಿಂದೆ ನಿಜವಾಗಿ ಒಂದು ಕಥೆ ಇದೆ. ಮೊದಲನೇ ಮಹಾಯುದ್ಧದಲ್ಲಿ ಫ್ರಾನ್ಸ್‌ನಲ್ಲಿ ಸೈನಿಕರಿಗೆ ಡೋನಟ್ ಕರಿದು ಕೊಟ್ಟ ಸಾಲ್ವೇಶನ್ ಆರ್ಮಿ ಹೆಂಗಸರ ನೆನಪಿಗೆ 1938ರಲ್ಲಿ ಷಿಕಾಗೊದಲ್ಲಿ ಶುರುವಾದದ್ದು.

ಪೋಸ್ಟರ್ ಅವರೇ, ನೀವು ಕೇಳಿದ ರಿಜಿಸ್ಟರು ಇಲ್ಲಿದೆ. 1957ರಲ್ಲಿ ಮಿಷಿಗನ್‌ನ ಚೇಸ್ ಅಂತ ಅಣ್ಣತಮ್ಮಂದಿರು ವರ್ಷದ ದಿನಗಳನ್ನೆಲ್ಲ ಒಟ್ಟುಮಾಡಿ ಒಂದು ಪುಸ್ತಕ ತಂದರು. ಒಂದು ಥರ ಒಂಟಿಕೊಪ್ಪಲ್ ಪಂಚಾಂಗ ಅಂದುಕೊಳ್ಳಿ, ರಾಹುಕಾಲ ಇಲ್ಲ ಅಷ್ಟೇ. ಅದರಲ್ಲಿ ಅಚ್ಚಾದರೆ ನಿಮ್ಮ ದಿನಕ್ಕೆ ಮರ್ಯಾದೆ. 2013ರಲ್ಲಿ ನಾರ್ತ್ ಡಕೋಟದ ಮ್ಯಾಂಡನ್ ಅನ್ನುವ ಸಣ್ಣ ಊರಿನ ಮಾರ್ಲೊ ಆಂಡರ್ಸನ್ ಪಾಪ್‌ಕಾರ್ನ್ ದಿನ ಎಲ್ಲಿಂದ ಬಂತು ಅಂತ ಹುಡುಕೋಕೆ ಹೋಗಿ ತಾವೇ ನ್ಯಾಷನಲ್ ಡೇ ಕ್ಯಾಲೆಂಡರ್ ಅಂತ ಒಂದು ವೆಬ್‌ಸೈಟ್ ತೆರೆದರು. ಈಗ ಕಂಪನಿಗಳು ಅಲ್ಲಿ ದುಡ್ಡು ಕಟ್ಟಿ ತಮ್ಮ ದಿನ ಘೋಷಣೆ ಮಾಡಿಸಿಕೊಳ್ಳುತ್ತವೆ. ಸರ್ಕಾರಕ್ಕೂ ಅದಕ್ಕೂ ಸಂಬಂಧ ಇಲ್ಲ.

ಹಿಂದೆ ಸರ್ಕಾರವೇ ಮಾಡುತ್ತಿತ್ತು. 1984ರಲ್ಲಿ ಅಧ್ಯಕ್ಷ ರೇಗನ್ ಜುಲೈ ತಿಂಗಳನ್ನು ಐಸ್‌ಕ್ರೀಂ ತಿಂಗಳು ಅಂತ, ಆ ವರ್ಷದ ಜುಲೈ 15ನ್ನು ಐಸ್‌ಕ್ರೀಂ ದಿನ ಅಂತ ಘೋಷಿಸಿದರು. ಜನ ಅದನ್ನು ತಕ್ಕ ಸಮಾರಂಭ, ಕಾರ್ಯಕ್ರಮಗಳೊಂದಿಗೆ ಆಚರಿಸಬೇಕು ಅಂತ ಆ ಆದೇಶದಲ್ಲೇ ಇದೆ. ಐಸ್‌ಕ್ರೀಂಗೆ ಸಮಾರಂಭ! ಸ್ವಾಗತ ಭಾಷಣ ಮುಗಿಯೋ ಹೊತ್ತಿಗೆ ಮುಖ್ಯ ಅತಿಥಿ ಕರಗಿ ಹೋಗಿರುತ್ತಾರೆ. ಅಲ್ಲಿನ ಸಂಸತ್ತಿನಲ್ಲಿ ಇಂಥ ಮಸೂದೆಗಳೇ ಜಾಸ್ತಿಯಾಗಿ, 1995ರಲ್ಲಿ ಕೆಳಮನೆಯವರು ಇನ್ನು ಸಾಕಪ್ಪ ಅಂತ ನಿಯಮ ಮಾಡಿ ನಿಲ್ಲಿಸಿದರು. ಆಮೇಲೆ ಖಾಸಗಿಯವರಿಗೆ ಹಬ್ಬ.

ನನಗೆ ಇಷ್ಟವಾದದ್ದು ಮಾತ್ರ ಯಾವ ಕಂಪನಿಯದ್ದೂ ಅಲ್ಲ. ಪೆನ್ಸಿಲ್ವೇನಿಯದ ಟಾಮ್ ರಾಯ್, ರೂತ್ ರಾಯ್ ಅಂತ ಗಂಡ ಹೆಂಡತಿ ಇಂಥ ದಿನಗಳನ್ನು ಸುಮ್ನೆ ಖುಷಿಗೆ ಎಂಬತ್ತರ ಹತ್ತಿರ ಸೃಷ್ಟಿ ಮಾಡಿದ್ದಾರೆ. ಆಗಸ್ಟ್ 8 ಅವರದ್ದೇ: "ಪಕ್ಕದ ಮನೆ ಜಗಲಿ ಮೇಲೆ ಕದ್ದು ಝುಕಿನಿ ಇಟ್ಟು ಬರುವ ದಿನ". ಝುಕಿನಿ ಅಂದರೆ ನೋಡೋಕೆ ಸೌತೆಕಾಯಿ, ತಿನ್ನೋಕೆ ಸೋರೆಕಾಯಿ. ಬೇಸಿಗೆಯಲ್ಲಿ ಗಿಡ ಹಾಕಿದವರ ಮನೆಯಲ್ಲಿ ಎಷ್ಟು ಬಿಡುತ್ತೆ ಅಂದರೆ ಸಾಂಬಾರು, ಪಲ್ಯ, ದೋಸೆ, ಕೊನೆಗೆ ಮಜ್ಜಿಗೆಹುಳಿ ಎಲ್ಲ ಮಾಡಿದರೂ ಮುಗಿಯೋದಿಲ್ಲ. ನಾನು ತೀರ್ಥಹಳ್ಳಿ ಕಡೆಯವಳು, ನಮಗೆ ಇದೇನೂ ಹೊಸತಲ್ಲ. ಹಲಸಿನ ಹಣ್ಣಿನ ಕಾಲದಲ್ಲಿ ಎರಡು ತಿಂಗಳು ದಿನಾ ಇದೇ ಹಬ್ಬ. ಒಂದೇ ವ್ಯತ್ಯಾಸ, ಹಲಸಿನ ಹಣ್ಣನ್ನು ಕದ್ದು ಇಡೋಕೆ ಆಗೋದಿಲ್ಲ, ವಾಸನೆ ಹಿಡಿದುಕೊಡುತ್ತೆ.

ಹೊನ್ನಾವರ_ಹಡಗು ಬರೆದದ್ದು:

ಕಡಲ್ಗಳ್ಳರ ಹಾಗೆ ಮಾತಾಡುವ ದಿನವನ್ನು ಯಾರೂ ಹೇಳಲೇ ಇಲ್ಲವಲ್ಲ ಮಾರಾಯ್ರೆ. ಸೆಪ್ಟೆಂಬರ್ 19. ಒರೆಗಾನ್‌ನ ಜಾನ್ ಬೌರ್, ಮಾರ್ಕ್ ಸಮ್ಮರ್ಸ್ ಅಂತ ಇಬ್ಬರು ಸ್ನೇಹಿತರು 1995ರ ಜೂನ್ 6ಕ್ಕೆ ರಾಕೆಟ್‌ಬಾಲ್ ಆಡುವಾಗ ಒಬ್ಬನಿಗೆ ನೋವಾಗಿ "ಆರ್ರ್" ಅಂತ ಕೂಗಿದನಂತೆ, ಥೇಟ್ ಸಿನಿಮಾದ ಕಡಲ್ಗಳ್ಳನ ಹಾಗೆ. ಆಟ ಮುಗಿಯೋವರೆಗೂ ಇಬ್ಬರೂ ಹಾಗೇ ಮಾತಾಡಿದರು. ಇದಕ್ಕೊಂದು ದಿನ ಬೇಕು ಅನಿಸಿತು. ಜೂನ್ 6 ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸ್‌ನ ನಾರ್ಮಂಡಿಯಲ್ಲಿ ಸೈನ್ಯ ಇಳಿದ ದಿನ, ಅದನ್ನು ಮುಟ್ಟೋದು ಸರಿಯಲ್ಲ ಅಂತ ಸಮ್ಮರ್ಸ್ ತನ್ನ ಮಾಜಿ ಹೆಂಡತಿಯ ಹುಟ್ಟಿದ ದಿನವನ್ನು ಆರಿಸಿದ. ನೆನಪಿರುವ, ಬೇರೆ ಕೆಲಸ ಇಲ್ಲದ ತಾರೀಕು ಅಂತ! ಏಳು ವರ್ಷ ಇವರಿಬ್ಬರೇ ಆಚರಿಸಿಕೊಂಡಿದ್ದರು. 2002ರಲ್ಲಿ ಡೇವ್ ಬ್ಯಾರಿ ತಮ್ಮ ಹಾಸ್ಯ ಅಂಕಣದಲ್ಲಿ ಬರೆದರು, ಅಲ್ಲಿಂದ ಪ್ರಪಂಚಕ್ಕೆ ಹಬ್ಬಿತು.

ನಮ್ಮ ಹೊನ್ನಾವರದಲ್ಲೂ ತಿಮ್ಮೋಜ ಅಂತ ಒಬ್ಬ ಇದ್ದ. ವಿಜಯನಗರದ ಕಾಲ. ಹಡಗು ದೋಚುವುದರಲ್ಲಿ ದೊಡ್ಡ ಹೆಸರು, 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿಯುವಾಗ ಅವರ ಜೊತೆ ನಿಂತವನು. ಹಾಗಾಗಿ ಕನ್ನಡದಲ್ಲಿ ಈ ದಿನ ಆಚರಿಸುವುದಾದರೆ ನಮ್ಮ ಕರಾವಳಿ ಮಾತೇ ಆಗಬೇಕು. ಅಲ್ಲೇ ಸಮಸ್ಯೆ. ನಮ್ಮ ಕಡೆ ಹಡಗು ದೋಚಲು ಬಂದವನೂ "ಸ್ವಲ್ಪ ಹಡಗು ಬಿಟ್ಟುಕೊಡಿ ಮಾರಾಯ್ರೆ, ಬೇಜಾರು ಮಾಡ್ಕೊಬೇಡಿ, ಊಟ ಆಯ್ತಾ?" ಅಂತಲೇ ಕೇಳೋದು. ಯಾರು ಹೆದರುತ್ತಾರೆ?

ಸುಮ್ನೇ_ಓದೋಳು ಬರೆದದ್ದು:

ನವೆಂಬರ್ 19 ಬಗ್ಗೆ ಒಂದೇ ಮಾತು. ಸಿಂಗಾಪುರದ ಜ್ಯಾಕ್ ಸಿಮ್ 2001ರಲ್ಲಿ ವರ್ಲ್ಡ್ ಟಾಯ್ಲೆಟ್ ಆರ್ಗನೈಸೇಶನ್ ಶುರು ಮಾಡಿದ ದಿನ ಅದು. ಚಿಕ್ಕದಾಗಿ ಡಬ್ಲ್ಯೂಟಿಓ, ಬೇಕಂತಲೇ, ವಿಶ್ವ ವ್ಯಾಪಾರ ಸಂಸ್ಥೆಯ ಹೆಸರು ಬರುವ ಹಾಗೆ. ನಗಿಸಿದರೆ ತಾನೇ ಜನ ಕಕ್ಕಸಿನ ಬಗ್ಗೆ ಮಾತಾಡೋದು ಅಂತ ಆತನ ಲೆಕ್ಕ. ಲೆಕ್ಕ ಸರಿಹೋಯಿತು, 2013ರಲ್ಲಿ ವಿಶ್ವಸಂಸ್ಥೆಯೇ ಅದನ್ನು ವಿಶ್ವ ಶೌಚಾಲಯ ದಿನ ಅಂತ ಒಪ್ಪಿಕೊಂಡಿತು. ಅವತ್ತೇ ಅಂತರರಾಷ್ಟ್ರೀಯ ಪುರುಷರ ದಿನ ಕೂಡ. ನಮ್ಮ ಮನೆಯವರು ಬೆಳಿಗ್ಗೆ ಮೊಬೈಲ್ ಹಿಡಿದು ಒಳಗೆ ಹೋದರೆ ಎರಡನ್ನೂ ಒಟ್ಟಿಗೆ ಆಚರಿಸಿ ಮುಕ್ಕಾಲು ಗಂಟೆ ಬಿಟ್ಟು ಬರುತ್ತಾರೆ. ವರ್ಷವಿಡೀ.

ಬರೀ_ವ್ಯಾಪಾರ ಬರೆದದ್ದು:

ಎಲ್ಲ ಸೇಲ್ಸ್ ಗಿಮಿಕ್ ಗುರು. ಜನವರಿ ಮೂರನೇ ಸೋಮವಾರ ವರ್ಷದ ಅತಿ ಬೇಸರದ ದಿನ ಅಂತ ಪ್ರತಿ ವರ್ಷ ಸುದ್ದಿ ಬರುತ್ತಲ್ಲ, ಬ್ಲೂ ಮಂಡೇ, ಅದಕ್ಕೊಂದು ಗಣಿತದ ಸೂತ್ರ ಬೇರೆ. 2005ರಲ್ಲಿ ಬ್ರಿಟನ್ನಿನ ಒಂದು ಪ್ರವಾಸದ ಚಾನೆಲ್ ಟಿಕೆಟ್ ಮಾರಲು ಮಾಡಿಸಿದ ಸೂತ್ರ ಅದು. ಬೇಸರಕ್ಕೆ ಸೂತ್ರ ಯಾಕೆ ಬೇಕು, ಸಿಲ್ಕ್ ಬೋರ್ಡ್ ಇಲ್ವಾ?

ಕಕ್ಕಡ_ಕೊಡಗು ಬರೆದದ್ದು:

ಎಲ್ಲವೂ ಅಲ್ಲ ಅಣ್ಣ. ಮೇಲೆ ಹೇಳಿದ ಗುಬ್ಬಚ್ಚಿ ದಿನ ನಾಸಿಕ್‌ನ ಮೊಹಮ್ಮದ್ ದಿಲಾವರ್ ಅವರ ಸಂಸ್ಥೆ 2010ರಲ್ಲಿ ಶುರು ಮಾಡಿದ್ದು. ಗುಬ್ಬಿ ಮಾರಿ ಯಾರು ದುಡ್ಡು ಮಾಡಿದರು?

ಇನ್ನೊಂದು ವಿಷಯ. ಇಂಥ ದಿನಗಳು ನಮ್ಮ ಹಳ್ಳಿಗಳಲ್ಲಿ ಮೊದಲೇ ಇದ್ದವು, ಪೋಸ್ಟರ್ ಇರಲಿಲ್ಲ ಅಷ್ಟೇ. ವಿಶ್ವ ಮಣ್ಣಿನ ದಿನ ಡಿಸೆಂಬರ್ 5, ಅದು ಥಾಯ್ಲೆಂಡಿನ ರಾಜ ಭೂಮಿಬೋಲ್ ಹುಟ್ಟಿದ ದಿನ. ಹೆಸರಲ್ಲೇ ಭೂಮಿ ಇದೆ, ಚೆನ್ನಾಗಿ ಕೂಡಿ ಬಂದಿದೆ. ಆದರೆ ತುಳುನಾಡಿನಲ್ಲಿ ಕೆಡ್ಡಸ ಅಂತ ಮೂರು ದಿನ ಮಣ್ಣಿಗೆ ರಜೆ ಕೊಡುತ್ತಾರೆ. ಭೂಮಿ ಮುಟ್ಟಾಗಿದ್ದಾಳೆ ಅಂತ ಅಗೆಯೋ ಹಾಗಿಲ್ಲ, ಉಳುವ ಹಾಗಿಲ್ಲ. ಮಣ್ಣಿನ ಹೆಸರಲ್ಲಿ ಮಣ್ಣಿಗೇ ರಜೆ ಕೊಟ್ಟವರು ಬೇರೆ ಯಾರಿದ್ದಾರೆ?

ನಮ್ಮ ಕೊಡಗಿನಲ್ಲಿ ಕಕ್ಕಡ ತಿಂಗಳ 18ನೇ ದಿನ, ಆಗಸ್ಟ್ 3ರ ಹೊತ್ತಿಗೆ ಬರುತ್ತೆ. ಕಾಡಿನ ಮದ್ದು ಸೊಪ್ಪಿನಲ್ಲಿ ಅವತ್ತು 18 ಥರದ ಔಷಧಿ ಸೇರಿರುತ್ತೆ ಅಂತ ನಂಬಿಕೆ. ಅದರ ರಸದಲ್ಲಿ ಪಾಯಸ ಮಾಡುತ್ತೇವೆ, ಕಡು ನೇರಳೆ ಬಣ್ಣ. ಬೇರೆ ದಿನಾಚರಣೆಗಳಿಗೆ ಫೋಟೋ ಬೇಕು, ಸಹಿ ಬೇಕು. ಇದಕ್ಕೆ ಏನೂ ಬೇಡ. ಮಾರನೇ ದಿನ ಬೆಳಿಗ್ಗೆ ಮೂತ್ರ ಕೆಂಪಗೆ ಹೋಗುತ್ತೆ. ಆಚರಿಸಿದ್ದಕ್ಕೆ ಅದೇ ರಸೀದಿ. ಹೊರಗಿಂದ ಬಂದ ಅಳಿಯಂದಿರಿಗೆ ಮೊದಲೇ ಹೇಳದೆ ಬಡಿಸಬಾರದು ಅಂತ ನಮ್ಮ ಮನೆಯಲ್ಲಿ ಒಂದು ನಿಯಮ ಇದೆ. ಯಾಕೆ ಅಂತ ಕೇಳಬೇಡಿ, ಭಾವ ಈ ಗುಂಪಿನಲ್ಲೇ ಇದ್ದಾರೆ.

ಏಳೇಳು ಬರೆದದ್ದು:

ಪೋಸ್ಟರ್ ಅಣ್ಣ, ನಾನು ಜಪಾನಿನಲ್ಲಿ ಎರಡು ವರ್ಷ ಇದ್ದೆ. ಅಲ್ಲಿ ತಾರೀಕನ್ನೇ ಓದಿ ದಿನ ಮಾಡುತ್ತಾರೆ. ಎರಡಕ್ಕೆ ನಿ ಅನ್ನುತ್ತಾರೆ, ಬೆಕ್ಕು ನ್ಯಾನ್ ಅನ್ನುತ್ತೆ, ಹಾಗಾಗಿ ಎರಡನೇ ತಿಂಗಳ 22 ಅಂದರೆ ನ್ಯಾನ್ ನ್ಯಾನ್ ನ್ಯಾನ್, ಬೆಕ್ಕಿನ ದಿನ. 1987ರಿಂದ ನಡೀತಿದೆ. ನವೆಂಬರ್ 22ನ್ನು ಓದಿದರೆ ಒಳ್ಳೆ ದಂಪತಿ ಅಂತ ಕೇಳಿಸುತ್ತೆ, ಅದಕ್ಕೆ ಅವತ್ತು ಗಂಡ ಹೆಂಡತಿ ದಿನ.

ಈ ವಿದ್ಯೆಗೆ ಕನ್ನಡಕ್ಕಿಂತ ಒಳ್ಳೆ ಭಾಷೆ ಇಲ್ಲ. 7/7 ಓದಿ: ಏಳು ಏಳು. ಅಮ್ಮಂದಿರ ದಿನ ಮೇನಲ್ಲಿ ಯಾಕೆ, ಜುಲೈ 7ಕ್ಕೇ ಇಡಬೇಕಿತ್ತು. 10/10: ಹತ್ತು ಹತ್ತು. ಅದು ಕಂಡಕ್ಟರ್ ದಿನ, "ಹತ್ತು ಹತ್ತು, ಒಳಗೆ ಹೋಗಿ, ಬಾಗಿಲಲ್ಲಿ ನಿಲ್ಲಬೇಡಿ". ಇನ್ನು 6/6, ಆರು ಆರು. ಜೂನ್ ಮೊದಲ ವಾರ, ಮುಂಗಾರು ಹಿಡಿಯೋ ಹೊತ್ತು, ಹಗ್ಗದ ಮೇಲಿನ ಒದ್ದೆ ಬಟ್ಟೆಗೆ ಕೈಮುಗಿದು ನಾವೆಲ್ಲ ಹೇಳೋದು ಅದನ್ನೇ ಅಲ್ವಾ?

ಇನ್ನೊಂದು, ಪೈ ದಿನವನ್ನು ಅಮೆರಿಕದವರು ಮಾರ್ಚ್ 14ಕ್ಕೆ ಮಾಡುತ್ತಾರೆ, ತಿಂಗಳು ಮೊದಲು ಬರೆದು 3.14 ಅಂತ. ನಾವು ತಾರೀಕು ಮೊದಲು ಬರೆಯೋರು, ನಮಗೆ ಜುಲೈ 22 ಸರಿ, 22/7. ಶಾಲೆಯಲ್ಲಿ ಕಲಿತದ್ದೂ ಅದನ್ನೇ.

ಮೇಷ್ಟ್ರು_ನಿವೃತ್ತ ಬರೆದದ್ದು:

ಏಳೇಳು ಅವರೇ, ಭೇಷ್. ಮೂವತ್ತು ವರ್ಷ ಮಗ್ಗಿ ಹೇಳಿಸಿದೆ, ಏಳೇಳಲಿ ನಲವತ್ತೊಂಬತ್ತು ಅನ್ನುವಾಗ ಹಿಂದಿನ ಬೆಂಚಿನವರು ಯಾಕೆ ಎದ್ದು ನಿಲ್ಲುತ್ತಿದ್ದರು ಅಂತ ಇವತ್ತು ಗೊತ್ತಾಯಿತು.

ಓಹಾಯೋ_ಸೊಸೆ ಬರೆದದ್ದು:

ಪೋಸ್ಟರ್ ಅವರ ಅರ್ಜಿಯ ವಿಷಯ ಮರೆತೇಬಿಟ್ಟೆ. ನಿಮ್ಮ ದಿನ ಆಗಲೇ ಇದೆ! ಜನವರಿ 16, "ಏನೂ ಇಲ್ಲದ ದಿನ". ಹೆರಾಲ್ಡ್ ಪುಲ್‌ಮನ್ ಕಾಫಿನ್ ಅಂತ ಒಬ್ಬ ಅಂಕಣಕಾರ 1972ರಲ್ಲಿ ಹೇಳಿದ್ದು, ಮಾರನೇ ವರ್ಷದಿಂದ ಶುರು. ಏನನ್ನೂ ಆಚರಿಸದೆ, ಯಾರನ್ನೂ ಗೌರವಿಸದೆ ಸುಮ್ನೆ ಕೂರೋಕೆ ಒಂದು ದಿನ ಇರಲಿ ಅಂತ. ಆದರೆ ಇಲ್ಲಿ ಜನವರಿ ಮೂರನೇ ಸೋಮವಾರ ಮಾರ್ಟಿನ್ ಲೂಥರ್ ಕಿಂಗ್ ದಿನ. ಅದು ಕೆಲವು ವರ್ಷ 16ಕ್ಕೇ ಬಂದು ಕೂರುತ್ತೆ, 2023ರಲ್ಲಿ ಬಂದಿತ್ತು. ಪಾಪ, ಏನೂ ಇಲ್ಲದ ದಿನಕ್ಕೂ ಏನೂ ಇಲ್ಲದೆ ಇರೋಕೆ ಬಿಡೋದಿಲ್ಲ.

ತೊಗರಿನಾಡು ಬರೆದದ್ದು:

ನಮ್ಮಲ್ಲಿ ಜನವರಿ 16 ರಾಷ್ಟ್ರೀಯ ಸ್ಟಾರ್ಟಪ್ ದಿನ. 2022ರಲ್ಲಿ ಪ್ರಧಾನಿ ಘೋಷಿಸಿದ್ದು. ಅಲ್ಲಿ ಏನೂ ಇಲ್ಲದ ದಿನ, ಇಲ್ಲಿ ಸ್ಟಾರ್ಟಪ್ ದಿನ. ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪೋಸ್ಟರ್‌ಪರದಾಟ ಬರೆದದ್ದು:

ಎಲ್ಲರಿಗೂ ಥ್ಯಾಂಕ್ಸ್. ಬೆಳಿಗ್ಗೆ ಧೈರ್ಯ ಮಾಡಿ ಬಾಸ್ ಹತ್ತಿರ ಹೋದೆ. ಸರ್, ಜನವರಿ 16 ಏನೂ ಆಚರಿಸಬಾರದ ದಿನ ಅಂತೆ, ಅವತ್ತೊಂದು ದಿನ ಪೋಸ್ಟರ್ ಬೇಡ ಅಂತ ವಿವರಿಸಿದೆ. ಗಮನ ಕೊಟ್ಟು ಕೇಳಿದರು. ಸ್ಟಾರ್ಟಪ್ ದಿನದ ವಿಷಯವನ್ನೂ ಬಾಯ್ತಪ್ಪಿ ಹೇಳಿಬಿಟ್ಟೆ, ಅದು ನನ್ನದೇ ತಪ್ಪು. ಡೈರಿ ತೆಗೆದು ಬರೆದುಕೊಂಡು ಹೇಳಿದರು: "ಹಾಗಾದ್ರೆ ಎರಡು ಮಾಡು. ಒಂದು ಸ್ಟಾರ್ಟಪ್‌ಗೆ, ಒಂದು ಏನೂ ಇಲ್ಲದ್ದಕ್ಕೆ."